ಸ್ವತಂತ್ರ ಸರಕು ಸಾಗಣೆ ಏಜೆಂಟರು: ನೋಂದಣಿ, ದಾಖಲೆಗಳು ಮತ್ತು ಹೊಣೆಗಾರಿಕೆ ಕುರಿತು ಸಾರ್ವಜನಿಕ ಮಾಹಿತಿ

ಸ್ವಂತ ಲಾರಿ ಇಲ್ಲದೆ, ಮಾಲು ಕಳುಹಿಸುವ ವರ್ತಕರಿಗೂ ಲಾರಿ ಮಾಲೀಕರಿಗೂ ನಡುವೆ ನಿಂತು ಬಾಡಿಗೆ ಗೊತ್ತುಪಡಿಸಿ ಕಮಿಷನ್ ಪಡೆಯುವ ವೃತ್ತಿಯನ್ನು ಕೈಗೊಂಡಿರುವ ಹಾಗೂ ಕೈಗೊಳ್ಳಬಯಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಇದು ಕಾನೂನಿನ ಪಠ್ಯಕ್ಕೆ ಬದಲಿಯಲ್ಲ. ವಿವಾದದ ಸಂದರ್ಭದಲ್ಲಿ ಅಧಿನಿಯಮ ಮತ್ತು ನಿಯಮಗಳ ಮೂಲಪಾಠವೇ ಅಂತಿಮವಾಗಿರುತ್ತದೆ.

ಯಶವಂತಪುರದ ಕೃಷಿ ಮಾರುಕಟ್ಟೆ ಪ್ರಾಂಗಣ, ಕಲಾಸಿಪಾಳ್ಯ, ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದ ಅಡಿಕೆ ವಹಿವಾಟು, ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಕೋಲಾರದ ಟೊಮೆಟೊ ಮಂಡಿ ಮುಂತಾದೆಡೆ ಈ ವೃತ್ತಿ ಬಹುಕಾಲದಿಂದ ನಡೆದುಬಂದಿದೆ. ಒಂದು ಮೇಜು, ಒಂದು ದೂರವಾಣಿ ಹಾಗೂ ನಾಲ್ಕು ಜನರ ವಿಶ್ವಾಸವಿದ್ದರೆ ಸಾಕೆಂಬ ಭಾವನೆ ಈಗಲೂ ಇದೆ. ಬಂಡವಾಳದ ಮಟ್ಟಿಗೆ ಅದು ನಿಜವೇ. ಆದರೆ “ನಾನು ಲಾರಿ ತೋರಿಸಿಕೊಟ್ಟೆ, ಅಷ್ಟೇ, ಮಾಲು ಕಳೆದುಹೋದರೆ ನನಗೂ ಅದಕ್ಕೂ ಸಂಬಂಧವಿಲ್ಲ” ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದು ಕಷ್ಟ. ಅರ್ಜಿ ಸಲ್ಲಿಸುವವರು ಶುಲ್ಕ ಮತ್ತು ನಮೂನೆಗಳನ್ನು ವಿಚಾರಿಸುವ ಮೊದಲು ಈ ಒಂದು ಅಂಶವನ್ನು ಗಮನದಲ್ಲಿಟ್ಟುಕೊಳ್ಳುವುದು ಒಳಿತು.

ಏಜೆಂಟರು ಕಾನೂನಿನ ದೃಷ್ಟಿಯಲ್ಲಿ ಯಾರು?

ಹಿಂದೆ ಈ ವಿಷಯಕ್ಕೆ 1865ರ ವಾಹಕರ ಅಧಿನಿಯಮ ಅನ್ವಯವಾಗುತ್ತಿತ್ತು. ಅದನ್ನು ರದ್ದುಪಡಿಸಿ ರೂಪಿಸಲಾದ ರಸ್ತೆ ಮೂಲಕ ಸರಕು ಸಾಗಣೆ ಅಧಿನಿಯಮ, 2007, ಅದರಡಿ ರಚಿಸಲಾದ 2011ರ ನಿಯಮಗಳೊಂದಿಗೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಈ ಅಧಿನಿಯಮವು “ಸಾಮಾನ್ಯ ವಾಹಕ” ಎಂಬ ಪದಕ್ಕೆ ನೀಡಿರುವ ಅರ್ಥ ವಿಶಾಲವಾದುದು. ಯಾರೇ ಬಂದು ಕೇಳಿದರೂ ಭೇದವೆಣಿಸದೆ ಸರಕನ್ನು ಸಂಗ್ರಹಿಸುವ, ದಾಸ್ತಾನಿಡುವ, ಮುಂದಕ್ಕೆ ಕಳುಹಿಸುವ, ಹಂಚುವ ಅಥವಾ ಬಾಡಿಗೆಗಾಗಿ ಸಾಗಿಸುವ ವ್ಯವಹಾರ ನಡೆಸುವವರೆಲ್ಲರೂ ಅದರಲ್ಲಿ ಸೇರುತ್ತಾರೆ. ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್, ದಲ್ಲಾಳಿ ಮತ್ತು ಕೊರಿಯರ್ ಸಂಸ್ಥೆಗಳನ್ನು ಹೆಸರಿಸಿಯೇ ಸೇರಿಸಲಾಗಿದೆ. ಸ್ವಂತ ವಾಹನವಿರಬೇಕೆಂಬ ಷರತ್ತು ಇಲ್ಲ. ಆದ್ದರಿಂದ ಲಾರಿ ಇಲ್ಲದವರಿಗೆ ನೋಂದಣಿ ಬೇಕಿಲ್ಲ ಎಂಬುದು ತಪ್ಪು ಗ್ರಹಿಕೆ.

ಇದರೊಂದಿಗೆ ಮೋಟಾರು ವಾಹನಗಳ ಅಧಿನಿಯಮ, 1988ರ 93ನೇ ಪ್ರಕರಣವನ್ನೂ ಗಮನಿಸತಕ್ಕದ್ದು. ಸರಕು ವಾಹನಗಳಲ್ಲಿ ಸಾಗುವ ಮಾಲನ್ನು ಸಂಗ್ರಹಿಸುವ, ರವಾನಿಸುವ ಅಥವಾ ವಿತರಿಸುವ ಏಜೆಂಟರು ಆ ಪ್ರಕರಣದಡಿ ಲೈಸೆನ್ಸ್ ಪಡೆಯಬೇಕಾಗುತ್ತದೆ. ಲೈಸೆನ್ಸಿನ ಷರತ್ತುಗಳಲ್ಲಿ ಭದ್ರತಾ ಠೇವಣಿ ಹಾಗೂ ಸಾಗಣೆಯಲ್ಲಿರುವ ಸರಕಿನ ವಿಮೆಯನ್ನು ಸೇರಿಸಲು ಅವಕಾಶವಿದೆ. 2019ರ ತಿದ್ದುಪಡಿಯಿಂದ ಆ್ಯಪ್ ಆಧಾರಿತ ಸಂಸ್ಥೆಗಳೂ ಇದೇ ಪ್ರಕರಣದ ವ್ಯಾಪ್ತಿಗೆ ಬಂದಿವೆ. ಅನೇಕರಿಗೆ ತಿಳಿಯದ ಒಂದು ಸಣ್ಣ ಅಂಶವೂ ಇದರಲ್ಲಿದೆ: ಲೈಸೆನ್ಸ್ ಪಡೆದ ಏಜೆಂಟರು ಪತ್ರಿಕೆಯಲ್ಲಿ ಅಥವಾ ವಾಣಿಜ್ಯ ಕೈಪಿಡಿಯಲ್ಲಿ ಜಾಹೀರಾತು ನೀಡುವಾಗ ಲೈಸೆನ್ಸ್ ಸಂಖ್ಯೆ, ಅದು ಮುಕ್ತಾಯವಾಗುವ ದಿನಾಂಕ ಹಾಗೂ ಅದನ್ನು ನೀಡಿದ ಪ್ರಾಧಿಕಾರದ ವಿವರವನ್ನು ಮುದ್ರಿಸಲೇಬೇಕು. ತಮ್ಮ ವ್ಯವಹಾರದ ಸ್ವರೂಪಕ್ಕೆ ಯಾವ ಅನುಮತಿ ಅನ್ವಯವಾಗುತ್ತದೆ ಎಂಬುದನ್ನು ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಪಡೆದಿಟ್ಟುಕೊಳ್ಳಬಹುದು. ಬಾಯಿಮಾತಿನ ಉತ್ತರ ಮುಂದೆ ಯಾರ ನೆರವಿಗೂ ಬರುವುದಿಲ್ಲ.

ನೋಂದಣಿಗೆ ಅರ್ಜಿ

ಸಾಮಾನ್ಯ ವಾಹಕರ ನೋಂದಣಿ ಪ್ರಾಧಿಕಾರವೆಂದರೆ ಮೋಟಾರು ವಾಹನಗಳ ಅಧಿನಿಯಮದ 68ನೇ ಪ್ರಕರಣದಡಿ ರಚಿತವಾದ ರಾಜ್ಯ ಅಥವಾ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅರ್ಜಿದಾರರು ತಾವು ವಾಸಿಸುವ ಅಥವಾ ಮುಖ್ಯ ಕಚೇರಿ ಇರುವ ಸ್ಥಳದ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ನಿಗದಿತ ನಮೂನೆಯ ಅರ್ಜಿಯೊಂದಿಗೆ ಗುರುತಿನ ಹಾಗೂ ವಿಳಾಸದ ದಾಖಲೆ, ಕಚೇರಿ ಸ್ಥಳದ ಬಾಡಿಗೆ ಕರಾರು ಅಥವಾ ಮಾಲೀಕತ್ವದ ದಾಖಲೆ, ಪ್ಯಾನ್ ಮತ್ತು ಪಾಲುದಾರಿಕೆ ಇದ್ದಲ್ಲಿ ಅದರ ಪತ್ರವನ್ನು ಸಿದ್ಧವಿಟ್ಟುಕೊಳ್ಳಬೇಕು. ಶಾಖೆಗಳಿದ್ದರೆ ಅವುಗಳ ವಿವರವನ್ನು ಅರ್ಜಿಯಲ್ಲಿಯೇ ನಮೂದಿಸಬೇಕು. ಶುಲ್ಕದ ಮೊತ್ತ ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಪಾವತಿಸುವ ದಿನ ಕಚೇರಿಯ ಸೂಚನಾ ಫಲಕವನ್ನು ನೋಡಿಕೊಳ್ಳುವುದು ಸೂಕ್ತ.

ನೋಂದಣಿ ಪ್ರಮಾಣಪತ್ರವು 10 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ ಮತ್ತು ನವೀಕರಣಕ್ಕೆ ಅವಕಾಶವಿದೆ. ಅರ್ಜಿಯನ್ನು ತಿರಸ್ಕರಿಸುವ ಮುನ್ನ ಅರ್ಜಿದಾರರ ಅಹವಾಲನ್ನು ಆಲಿಸಬೇಕು ಮತ್ತು ಕಾರಣಗಳನ್ನು ಲಿಖಿತವಾಗಿ ನೀಡಬೇಕು. ಬಾಧಿತರು ರಾಜ್ಯ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಕಾಲಮಿತಿ ಇರುವುದರಿಂದ ಆದೇಶದ ಪ್ರತಿ ಕೈಸೇರಿದ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ತಾವೇ ಏಜೆಂಟರಾಗಲು ಹೊರಟವರು ಅರ್ಜಿ ಸಲ್ಲಿಸಲು ಇನ್ನೊಬ್ಬ ಏಜೆಂಟರನ್ನು ಹಿಡಿಯುವ ಅಗತ್ಯ ಖಂಡಿತ ಇಲ್ಲ.

ಎರಡು ಕಾಗದಗಳು

ವ್ಯವಹಾರದ ಹೃದಯವಿರುವುದು ಎರಡು ಕಾಗದಗಳಲ್ಲಿ. ಮೊದಲನೆಯದು ಸರಕು ರವಾನೆ ಪತ್ರ. ಇದನ್ನು ಮಾಲು ಕಳುಹಿಸುವವರು ಬರೆದುಕೊಡಬೇಕು. ಮಾಲಿನ ವಿವರ, ಅದರ ಮೌಲ್ಯ ಮತ್ತು ಅಪಾಯಕಾರಿ ವಸ್ತುವಾಗಿದ್ದರೆ ಆ ಸಂಗತಿಯನ್ನು ಅದರಲ್ಲಿ ಘೋಷಿಸಬೇಕು. ವಿವರಗಳು ಸರಿಯಾಗಿರುವ ಹೊಣೆ ಕಳುಹಿಸುವವರದು; ಸುಳ್ಳು ವಿವರದಿಂದ ವಾಹಕರಿಗೆ ನಷ್ಟವಾದರೆ ಅದನ್ನು ಅವರೇ ಭರಿಸಬೇಕಾಗುತ್ತದೆ. ದುರದೃಷ್ಟವಶಾತ್ ಬಹುತೇಕ ಸಣ್ಣ ಏಜೆಂಟರು ಈ ಪತ್ರವನ್ನು ಪಡೆಯುವುದೇ ಇಲ್ಲ. ಹಳೆಯ ಗಿರಾಕಿಯನ್ನು ಕಾಗದ ಕೇಳುವುದು ಹೇಗೆ ಎಂಬ ಸಂಕೋಚವೇ ಇದಕ್ಕೆ ಮುಖ್ಯ ಕಾರಣ. ಆದರೆ ಏಜೆಂಟರನ್ನು ರಕ್ಷಿಸುವ ಕಾಗದ ಇದೇ ಆಗಿದೆ.

ಎರಡನೆಯದು ಸರಕು ರಸೀದಿ. ವ್ಯಾಪಾರಿಗಳ ನಡುವೆ ಇದಕ್ಕೆ ಎಲ್.ಆರ್. ಅಥವಾ ಬಿಲ್ಟಿ ಎಂದು ಹೆಸರು. ಇದನ್ನು ಮೂರು ಪ್ರತಿಗಳಲ್ಲಿ ತಯಾರಿಸಿ ಮೂಲ ಪ್ರತಿಯನ್ನು ಕಳುಹಿಸುವವರಿಗೆ ನೀಡಬೇಕು. ಕಳುಹಿಸುವವರೇ ಲೋಡು ಮಾಡಿಸುವುದಾದರೆ ಲೋಡು ಮುಗಿದ ಮೇಲೆ, ಇಲ್ಲವಾದರೆ ಮಾಲನ್ನು ವಹಿಸಿಕೊಂಡ ಕೂಡಲೇ ರಸೀದಿ ನೀಡತಕ್ಕದ್ದು. ರಸೀದಿಯಲ್ಲಿರುವ ತೂಕ, ಅಳತೆ ಮತ್ತು ಚೀಲಗಳ ಸಂಖ್ಯೆಯನ್ನು ಮೇಲ್ನೋಟದ ಸಾಕ್ಷ್ಯವೆಂದು ಪರಿಗಣಿಸಲಾಗುತ್ತದೆ. ಅಂದರೆ 200 ಚೀಲ ಎಂದು ಬರೆದು 196 ಚೀಲ ತಲುಪಿದರೆ, ಉಳಿದ 4 ಚೀಲಗಳ ಲೆಕ್ಕ ಕೊಡುವ ಭಾರ ರಸೀದಿ ಬರೆದವರ ಮೇಲೆ ಬೀಳುತ್ತದೆ. ತಾವು ಎಣಿಸದ ಚೀಲಕ್ಕೆ ಸಹಿ ಹಾಕಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೂ ರಾತ್ರಿ ಹೊತ್ತಿನ ಲೋಡಿನಲ್ಲಿ ಹಮಾಲರು ಹೇಳಿದ ಸಂಖ್ಯೆಯನ್ನೇ ಬರೆದುಕೊಳ್ಳುವ ರೂಢಿ ವ್ಯಾಪಕವಾಗಿದೆ.

ರಸೀದಿ ಯಾರ ಹೆಸರಿನಲ್ಲಿ ಮುದ್ರಿತವಾಗಿದೆಯೋ ಅವರನ್ನೇ ಮೊದಲು ಹೊಣೆಗಾರರನ್ನಾಗಿ ಹಿಡಿಯಲಾಗುತ್ತದೆ. ಈ ಕಾರಣದಿಂದ ಎರಡು ಅಭ್ಯಾಸಗಳು ವಿಶೇಷವಾಗಿ ಅಪಾಯಕಾರಿ. ಒಂದು, ಪರಿಚಿತ ಟ್ರಾನ್ಸ್‌ಪೋರ್ಟ್ ಕಂಪನಿಯಿಂದ ಎಲ್.ಆರ್. ಪುಸ್ತಕವನ್ನು ಎರವಲು ತಂದು ತಮ್ಮ ಬುಕಿಂಗಿಗೆ ಬಳಸುವುದು. ಇನ್ನೊಂದು, ಸಹಿ ಮಾಡಿದ ಖಾಲಿ ರಸೀದಿಗಳನ್ನು ಚಾಲಕರ ಅಥವಾ ಗೋದಾಮಿನ ಗುಮಾಸ್ತರ ಕೈಯಲ್ಲಿಡುವುದು. ಮೊದಲನೆಯದರಲ್ಲಿ ಪುಸ್ತಕ ಕೊಟ್ಟವರೂ ತೆಗೆದುಕೊಂಡವರೂ ಸಿಕ್ಕಿಬೀಳುತ್ತಾರೆ. ಎರಡನೆಯದರಲ್ಲಿ ತಾವು ಕಾಣದ ಮಾಲಿಗೆ ತಾವೇ ಉತ್ತರದಾಯಿಗಳಾಗಬೇಕಾಗುತ್ತದೆ.

ಹಾಗಾದರೆ ರಸೀದಿಯನ್ನೇ ನೀಡದೆ, ಲಾರಿ ಮಾಲೀಕರ ರಸೀದಿಯಲ್ಲಿಯೇ ಮಾಲು ಕಳುಹಿಸಿ ಕಮಿಷನ್ ಮಾತ್ರ ಪಡೆದರೆ ಹೇಗೆ ಎಂದು ಕೇಳುವವರಿದ್ದಾರೆ. ಹಾಗೆ ಮಾಡಬಹುದು, ಆಗ ಹೊಣೆಗಾರಿಕೆಯ ಸ್ವರೂಪ ಬೇರೆಯಾಗಬಹುದು. ಆದರೆ ಲಾರಿ ಯಾರದು, ಕರಾರು ಯಾರೊಂದಿಗೆ ಎಂಬುದನ್ನು ವರ್ತಕರಿಗೆ ಮೊದಲೇ ಬರಹದಲ್ಲಿ ತಿಳಿಸಿರಬೇಕು. ಭಾರತೀಯ ಕರಾರು ಅಧಿನಿಯಮ, 1872ರ 230ನೇ ಪ್ರಕರಣದಂತೆ, ತನ್ನ ಹಿಂದಿರುವ ಯಜಮಾನನ ಹೆಸರನ್ನು ಬಹಿರಂಗಪಡಿಸದ ಏಜೆಂಟ್ ಆ ಕರಾರಿಗೆ ಸ್ವತಃ ಬದ್ಧನೆಂದು ಭಾವಿಸಲಾಗುತ್ತದೆ. ಲಾರಿ ಮಾಲೀಕರ ಹೆಸರು ಗೊತ್ತಾದರೆ ವರ್ತಕರು ನೇರವಾಗಿ ಅವರನ್ನೇ ಹಿಡಿದಾರು ಎಂಬ ಭಯದಿಂದ ಹೆಸರನ್ನು ಮುಚ್ಚಿಡುವ ಪದ್ಧತಿ ಈ ವೃತ್ತಿಯಲ್ಲಿದೆ. ಒಂದು ಲೋಡಿನ ಕಮಿಷನ್ ಉಳಿಸಿಕೊಳ್ಳಲು ಇಡೀ ಲೋಡಿನ ಹೊಣೆಯನ್ನು ತಲೆಯ ಮೇಲೆ ಎಳೆದುಕೊಳ್ಳುವುದು ಲಾಭದ ಲೆಕ್ಕವಲ್ಲ.

ಮಾಲು ನಷ್ಟವಾದರೆ ಎಷ್ಟು ಕೊಡಬೇಕು?

2011ರ ನಿಯಮಗಳಂತೆ, ಸರಕು ನಷ್ಟವಾದಾಗ ಅಥವಾ ಹಾಳಾದಾಗ ಸಾಮಾನ್ಯ ವಾಹಕರ ಹೊಣೆಯು ಬಾಡಿಗೆಯ 10 ಪಟ್ಟಿಗೆ ಸೀಮಿತವಾಗಿರುತ್ತದೆ. ಅದು ರವಾನೆ ಪತ್ರದಲ್ಲಿ ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ. ಕಳುಹಿಸುವವರು ಹೆಚ್ಚಿನ ಅಪಾಯದ ದರವನ್ನು ನೀಡಲು ಲಿಖಿತವಾಗಿ ಒಪ್ಪಿದ್ದಲ್ಲಿ ಈ ಮಿತಿ ಅನ್ವಯಿಸುವುದಿಲ್ಲ.

ಉದಾಹರಣೆಗೆ, ಶಿವಮೊಗ್ಗದಿಂದ ದೆಹಲಿಗೆ ಹೊರಟ ಅಡಿಕೆ ಲೋಡಿನ ಮೌಲ್ಯ ರೂ. 50 ಲಕ್ಷ, ಲಾರಿ ಬಾಡಿಗೆ ರೂ. 90,000 ಹಾಗೂ ಏಜೆಂಟರ ಕಮಿಷನ್ ರೂ. 3,000 ಎಂದಿಟ್ಟುಕೊಳ್ಳೋಣ. ಮಾಲು ತಲುಪದೇ ಹೋದಲ್ಲಿ ಸಾಮಾನ್ಯ ದರದ ಸಾಗಣೆಯ ಹೊಣೆ ರೂ. 9 ಲಕ್ಷದವರೆಗೆ ಏರಬಹುದು. ಹೆಚ್ಚಿನ ಅಪಾಯದ ದರಕ್ಕೆ ಒಪ್ಪಿ ಬುಕ್ ಮಾಡಿದ್ದರೆ ಪ್ರಶ್ನೆ ರೂ. 50 ಲಕ್ಷದ್ದಾಗುತ್ತದೆ. ಇನ್ನೊಂದು ಬದಿಯಲ್ಲಿ ಇರುವುದು ರೂ. 3,000. ರೂ. 9 ಲಕ್ಷವನ್ನು ಇಂತಹ ಕಮಿಷನ್ನಿನಿಂದಲೇ ಗಳಿಸಬೇಕಾದರೆ ಏಜೆಂಟರು 300 ಲೋಡುಗಳನ್ನು ಕಳುಹಿಸಬೇಕು, ಅದೂ ಕಚೇರಿ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ.

ದೈವಾಧೀನ ಘಟನೆ, ಯುದ್ಧ, ಗಲಭೆ, ನ್ಯಾಯಾಲಯದ ಜಪ್ತಿ ಹಾಗೂ ಸರ್ಕಾರದ ನಿರ್ಬಂಧಗಳಿಂದ ಉಂಟಾದ ನಷ್ಟಕ್ಕೆ ವಿನಾಯಿತಿ ಇದೆ. ಆದರೆ ಸೂಕ್ತ ಎಚ್ಚರ ವಹಿಸಿದ್ದರೆ ಆ ನಷ್ಟವನ್ನು ತಪ್ಪಿಸಬಹುದಾಗಿತ್ತು ಎಂದು ಕಂಡುಬಂದಲ್ಲಿ ವಿನಾಯಿತಿ ದೊರೆಯುವುದಿಲ್ಲ. ಮಳೆಗೆ ಮಾಲು ನೆನೆದದ್ದು ದೈವಾಧೀನ ಎನ್ನುವವರು ಟಾರ್ಪಾಲು ಹರಿದಿತ್ತೇ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ. ದಾವೆ ಹೂಡಿದವರು ವಾಹಕರ ನಿರ್ಲಕ್ಷ್ಯವನ್ನು ರುಜುವಾತುಪಡಿಸಬೇಕಾಗಿಲ್ಲ ಎಂಬುದನ್ನೂ ನೆನಪಿಡಬೇಕು. ವಾಹಕರ ನೌಕರರ ಅಥವಾ ಏಜೆಂಟರ ಅಪರಾಧ ಕೃತ್ಯದಿಂದಾದ ನಷ್ಟಕ್ಕೂ ವಾಹಕರೇ ಹೊಣೆ.

ಇದೇ ಸಂದರ್ಭದಲ್ಲಿ ಏಜೆಂಟರಿಗೆ ರಕ್ಷಣೆ ನೀಡುವ ಅಂಶವೊಂದಿದೆ. ನಷ್ಟದ ಬಗ್ಗೆ ಲಿಖಿತ ನೋಟಿಸನ್ನು, ಮಾಲು ಬುಕ್ ಮಾಡಿದ ದಿನಾಂಕದಿಂದ 180 ದಿನಗಳೊಳಗೆ ಮತ್ತು ದಾವೆ ಹೂಡುವ ಮೊದಲು ನೀಡಿರಬೇಕು. ಇಲ್ಲವಾದರೆ ದಾವೆ ಹೂಡಲು ಅವಕಾಶವಿಲ್ಲ. ಈ ಅವಧಿಯನ್ನು ಎಣಿಸುವುದು ಬುಕಿಂಗ್ ದಿನಾಂಕದಿಂದಲೇ ಹೊರತು ನಷ್ಟ ತಿಳಿದ ದಿನಾಂಕದಿಂದಲ್ಲ. ಮಾಲು ಕಳುಹಿಸುವ ರೈತರು ಮತ್ತು ವರ್ತಕರೂ ಇದನ್ನು ಗಮನಿಸತಕ್ಕದ್ದು.

ವಿಮೆಯ ಬಗ್ಗೆ ತಪ್ಪು ಕಲ್ಪನೆ

“ಲಾರಿಗೆ ಇನ್ಶೂರೆನ್ಸ್ ಇದೆ” ಎಂಬ ಉತ್ತರದಿಂದ ಅನೇಕರು ಸಮಾಧಾನಪಟ್ಟುಕೊಳ್ಳುತ್ತಾರೆ. ಲಾರಿಯ ಮೋಟಾರು ವಿಮೆಯು ವಾಹನಕ್ಕೆ ಮತ್ತು ಮೂರನೆಯವರಿಗೆ ಸಂಬಂಧಿಸಿದ್ದು. ಒಳಗಿರುವ ಮಾಲು ಅದರ ವ್ಯಾಪ್ತಿಗೆ ಬರುವುದಿಲ್ಲ. ಮಾಲಿಗೆ ಪ್ರತ್ಯೇಕ ಸಾಗಣೆ ವಿಮೆ ಬೇಕು. ವರ್ತಕರು ಆ ವಿಮೆ ಮಾಡಿಸಿದ್ದರೂ ಏಜೆಂಟರು ಪಾರಾದಂತಲ್ಲ. ವಿಮಾ ಕಂಪನಿಯು ವರ್ತಕರಿಗೆ ಪರಿಹಾರ ಪಾವತಿಸಿದ ನಂತರ ವರ್ತಕರ ಸ್ಥಾನದಲ್ಲಿ ನಿಂತು ಅದೇ ಹಣವನ್ನು ವಾಹಕರಿಂದ ವಸೂಲು ಮಾಡಲು ದಾವೆ ಹೂಡಬಹುದು. ವರ್ತಕರೊಂದಿಗೆ ಹತ್ತು ವರ್ಷಗಳ ಸ್ನೇಹವಿದ್ದರೂ ವಿಮಾ ಕಂಪನಿಯ ವಕೀಲರಿಗೆ ಆ ಸ್ನೇಹವಿರುವುದಿಲ್ಲ. ವಾಹಕರ ಹೊಣೆಗಾರಿಕೆಯನ್ನೇ ಒಳಗೊಳ್ಳುವ ಪಾಲಿಸಿಗಳು ಲಭ್ಯವಿದ್ದು, ಬೆಲೆಬಾಳುವ ಮಾಲನ್ನು ನಿಯಮಿತವಾಗಿ ಬುಕ್ ಮಾಡುವವರು ಈ ಬಗ್ಗೆ ವಿಚಾರಿಸುವುದು ಉಚಿತ.

ಲಾರಿಯನ್ನು ಗೊತ್ತುಪಡಿಸುವ ಮೊದಲು

ನೋಂದಣಿ ಪತ್ರ, ಅರ್ಹತಾ ಪತ್ರ, ಪರ್ಮಿಟ್, ವಿಮೆ ಮತ್ತು ಚಾಲಕರ ಲೈಸೆನ್ಸನ್ನು ಕೇವಲ ಜೆರಾಕ್ಸ್ ಪ್ರತಿಯಲ್ಲಿ ನೋಡಿ ಒಪ್ಪಬಾರದು. ಎಂ-ಪರಿವಾಹನ್ ಆ್ಯಪ್ ಅಥವಾ ವಾಹನ್ ಜಾಲತಾಣದಲ್ಲಿ ವಾಹನ ಸಂಖ್ಯೆಯನ್ನು ನಮೂದಿಸಿದರೆ ಈ ವಿವರಗಳನ್ನು ಕೆಲವೇ ನಿಮಿಷಗಳಲ್ಲಿ ಪರಿಶೀಲಿಸಬಹುದು. ಹೊಸ ಲಾರಿಯಾಗಿದ್ದರೆ ಚಾಸಿ ಸಂಖ್ಯೆಯನ್ನು ವಾಹನದ ಮೇಲೆಯೇ ಹೋಲಿಸಿ ನೋಡುವುದು ಒಳ್ಳೆಯದು. ನಕಲಿ ಸಂಖ್ಯಾಫಲಕ ಹಾಕಿಕೊಂಡು ಮಾಲು ತುಂಬಿಸಿಕೊಳ್ಳುವವರನ್ನು ಗುರುತಿಸಲು ಇದಕ್ಕಿಂತ ಸರಳ ಮಾರ್ಗವಿಲ್ಲ. ಮುಂಗಡವನ್ನು ಸಾಧ್ಯವಾದಷ್ಟೂ ನೋಂದಣಿ ಪತ್ರದಲ್ಲಿರುವ ಮಾಲೀಕರ ಬ್ಯಾಂಕ್ ಖಾತೆಗೇ ಜಮಾ ಮಾಡಬೇಕು. ಲಾರಿ ಬಾಡಿಗೆಗಾಗಿ ಒಬ್ಬರಿಗೆ ಒಂದೇ ದಿನ ರೂ. 35,000ಕ್ಕಿಂತ ಹೆಚ್ಚು ನಗದು ನೀಡಿದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಆ ವೆಚ್ಚವನ್ನು ಒಪ್ಪುವುದಿಲ್ಲ ಎಂಬ ಕಾರಣವೂ ಇದೆ.

ಅಧಿಕ ಭಾರದ ಬಗ್ಗೆ ವಿಶೇಷ ಸೂಚನೆ: ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವನ್ನು ಮೀರಿ ಮಾಲು ತುಂಬುವುದನ್ನು ಸಾಮಾನ್ಯ ವಾಹಕರಿಗೂ ನಿಷೇಧಿಸಲಾಗಿದೆ. ತುಂಬಲು ಬಿಡುವುದೂ ಉಲ್ಲಂಘನೆಯೇ. ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ತಂದ ತಿದ್ದುಪಡಿಯು ಅಧಿಕ ಭಾರಕ್ಕೆ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡವನ್ನು ವಿಧಿಸಿತು. “ಎರಡು ಟನ್ ಜಾಸ್ತಿ ಹಾಕಿಸಿ, ಬಾಡಿಗೆ ಹೊಂದಿಸೋಣ” ಎಂದು ಪಾರ್ಟಿಗೂ ಲಾರಿಯವರಿಗೂ ರಾಜಿ ಮಾಡಿಸುವ ಏಜೆಂಟರು ಈ ಮಾತನ್ನು ಗಮನಿಸಬೇಕು.

ಜಿಎಸ್‌ಟಿ ಮತ್ತು ಇ-ವೇ ಬಿಲ್

ತೆರಿಗೆಯಲ್ಲಿಯೂ ರಸೀದಿಯ ಪ್ರಶ್ನೆಯೇ ಮುಖ್ಯ. ಸರಕು ರಸೀದಿ ನೀಡಿ ರಸ್ತೆ ಸಾಗಣೆ ಸೇವೆ ಒದಗಿಸುವವರನ್ನು ಜಿಎಸ್‌ಟಿ ಕಾನೂನು ಸರಕು ಸಾಗಣೆ ಏಜೆನ್ಸಿ ಎಂದು ಪರಿಗಣಿಸುತ್ತದೆ. ಇವರಿಗೆ 2025ರ ಸೆಪ್ಟೆಂಬರ್ 22ರಿಂದ ಹೂಡುವಳಿ ತೆರಿಗೆ ಜಮೆ ಇಲ್ಲದೆ ಶೇ. 5 ಅಥವಾ ಜಮೆಯೊಂದಿಗೆ ಶೇ. 18 ಎಂಬ ಆಯ್ಕೆ ಇದೆ. ನೋಂದಾಯಿತ ವರ್ತಕರು ಬಾಡಿಗೆ ಕೊಡುವ ಅನೇಕ ಸಂದರ್ಭಗಳಲ್ಲಿ ಶೇ. 5ರ ತೆರಿಗೆಯನ್ನು ಅವರೇ ನೇರವಾಗಿ ಪಾವತಿಸುತ್ತಾರೆ. ರಸೀದಿ ನೀಡದೆ ಕಮಿಷನ್ ಮಾತ್ರ ಪಡೆಯುವವರ ಸೇವೆ ಬೇರೆ ವರ್ಗಕ್ಕೆ ಸೇರಿದ್ದು, ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದರೆ ನೋಂದಣಿ ಪಡೆದು ಕಮಿಷನ್ ಮೇಲೆ ಶೇ. 18 ತೆರಿಗೆ ನೀಡಬೇಕು. ಬಿಲ್ಲನ್ನು ಇಡೀ ಬಾಡಿಗೆಗೆ ಬರೆಯುವುದೇ, ಕಮಿಷನ್ನಿಗೆ ಮಾತ್ರ ಬರೆಯುವುದೇ ಎಂಬುದನ್ನು ವ್ಯವಹಾರದ ಮೊದಲ ದಿನವೇ ತೆರಿಗೆ ಸಲಹೆಗಾರರೊಂದಿಗೆ ತೀರ್ಮಾನಿಸಿಕೊಳ್ಳಬೇಕು. ಲಾರಿ ಮಾಲೀಕರಿಗಿರುವ ಅಂದಾಜು ಆದಾಯದ ಸರಳ ತೆರಿಗೆ ಪದ್ಧತಿಯು ಕಮಿಷನ್ ಆದಾಯಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ ಲೆಕ್ಕಪುಸ್ತಕಗಳನ್ನು ಇಡುವುದು ಅನಿವಾರ್ಯ.

ಮಾಲಿನ ಮೌಲ್ಯ ರೂ. 50,000 ಮೀರಿದಲ್ಲಿ, ವಿನಾಯಿತಿ ಪಡೆದ ಸರಕುಗಳನ್ನು ಬಿಟ್ಟು, ಇ-ವೇ ಬಿಲ್ ಕಡ್ಡಾಯ. ರಾಜ್ಯದೊಳಗಿನ ಸಾಗಣೆಗೆ ಈ ವ್ಯವಸ್ಥೆಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದದ್ದು ಕರ್ನಾಟಕ, 2018ರ ಏಪ್ರಿಲ್ 1ರಂದು. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಊರ್ಜಿತಾವಧಿ ಇದೆ. ದಾರಿಯಲ್ಲಿ ಲಾರಿ ಕೆಟ್ಟು ಮಾಲನ್ನು ಬೇರೆ ಲಾರಿಗೆ ಬದಲಾಯಿಸಿದರೆ ಹೊಸ ವಾಹನ ಸಂಖ್ಯೆಯನ್ನು ಬಿಲ್ಲಿನ ಎರಡನೇ ಭಾಗದಲ್ಲಿ ನಮೂದಿಸಲೇಬೇಕು. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಣೆ ಪಡೆಯಬಹುದು. ತಪಾಸಣೆಯಲ್ಲಿ ವಾಹನವನ್ನು ತಡೆದರೆ, ಮಾಲಿನ ಮಾಲೀಕರೇ ಮುಂದೆ ಬಂದರೂ ತೆರಿಗೆಯ ಶೇ. 200ರಷ್ಟು ದಂಡ ತೆರಬೇಕಾಗಬಹುದು. ಜಿಎಸ್‌ಟಿ ನೋಂದಣಿ ಇಲ್ಲದ ಸಾಗಣೆದಾರರು ಇ-ವೇ ಬಿಲ್ ಜಾಲತಾಣದಲ್ಲಿ ಹೆಸರು ದಾಖಲಿಸಿ ಸಾಗಣೆದಾರರ ಗುರುತಿನ ಸಂಖ್ಯೆ ಪಡೆಯಬಹುದು.

ಮಾಲು ಪಡೆಯಲು ಯಾರೂ ಬಾರದಿದ್ದರೆ

ಮಾಲು ತಲುಪಿದ ಬಗ್ಗೆ ನೋಟಿಸು ನೀಡಿದ 30 ದಿನಗಳೊಳಗೆ ಬಿಡಿಸಿಕೊಳ್ಳದಿದ್ದರೆ ಅದನ್ನು ವಾರಸುದಾರರಿಲ್ಲದ ಮಾಲು ಎಂದು ಪರಿಗಣಿಸಬಹುದು. ಟೊಮೆಟೊ, ಹೂವು, ಹಣ್ಣಿನಂತಹ ಬೇಗ ಕೆಡುವ ಸರಕಿಗೆ ಈ ಅವಧಿ 24 ಗಂಟೆ, ಅಥವಾ ಪರಸ್ಪರ ಒಪ್ಪಿದ ಇನ್ನೂ ಕಡಿಮೆ ಅವಧಿ. ಕೆಡದ ಮಾಲನ್ನು ಮಾರುವ ಮೊದಲು ಇನ್ನೊಂದು 15 ದಿನಗಳ ನೋಟಿಸು ನೀಡಬೇಕು. ಮಾರಾಟದ ಹಣದಲ್ಲಿ ಬಾಡಿಗೆ, ದಾಸ್ತಾನು ಮತ್ತು ಮಾರಾಟದ ಖರ್ಚನ್ನು ಕಳೆದು ಉಳಿದದ್ದನ್ನು ಮಾಲಿನವರಿಗೆ ಹಿಂದಿರುಗಿಸತಕ್ಕದ್ದು. ಬೇರೆ ಒಪ್ಪಂದ ಇಲ್ಲದಿದ್ದರೆ, ತಲುಪಿದ ಮೇಲೆ ಕೊಡಬೇಕಾದ ಬಾಡಿಗೆ ಕೊಡದವರ ಮಾಲನ್ನು ತಡೆಹಿಡಿಯುವ ಹಕ್ಕೂ ಇದೆ. ಈ ಹಕ್ಕನ್ನು ಚಲಾಯಿಸುವಾಗ ನೋಟಿಸಿನ ಪ್ರತಿ ಮತ್ತು ಅಂಚೆಯ ಸ್ವೀಕೃತಿಯನ್ನು ಕಡತದಲ್ಲಿ ಇಟ್ಟಿರಬೇಕು. ವಾಟ್ಸ್ಆ್ಯಪ್ ಸಂದೇಶವನ್ನಷ್ಟೇ ನಂಬಿ ಮಾಲು ಮಾರುವುದು ಜಾಣತನವಲ್ಲ.

ಇತರ ಅಂಶಗಳು

ನವ ಮಂಗಳೂರು ಬಂದರಿನ ಮೂಲಕ ಆಮದು ಅಥವಾ ರಫ್ತು ಮಾಲಿನ ಕಸ್ಟಮ್ಸ್ ಕೆಲಸವನ್ನು ಇತರರ ಪರವಾಗಿ ನಿರ್ವಹಿಸಲು ಈ ನೋಂದಣಿ ಸಾಲದು. ಅದಕ್ಕೆ 2018ರ ಕಸ್ಟಮ್ಸ್ ಬ್ರೋಕರ್ ಲೈಸೆನ್ಸಿಂಗ್ ವಿನಿಯಮಗಳಡಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕಸ್ಟಮ್ಸ್ ಇಲಾಖೆಯಿಂದ ಪ್ರತ್ಯೇಕ ಲೈಸೆನ್ಸ್ ಪಡೆಯಬೇಕು. ಕಚೇರಿ ತೆರೆಯುವವರು ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ ಹಾಗೂ ವೃತ್ತಿ ತೆರಿಗೆಯ ಬಗ್ಗೆ ಆಯಾ ಇಲಾಖೆಗಳಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ನೋಂದಾಯಿತ ವಾಹಕರು ವಾರ್ಷಿಕ ವಿವರಪಟ್ಟಿಯನ್ನು ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಪ್ರಮಾಣಪತ್ರವನ್ನು ಮುಖ್ಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. ಕಚೇರಿಯ ವಿಳಾಸ ಬದಲಾಗುವುದಿದ್ದರೆ ಮುಂಚಿತವಾಗಿ ಪ್ರಾಧಿಕಾರಕ್ಕೆ ಬರೆದು ತಿಳಿಸಬೇಕು. ಹಳೆಯ ವಿಳಾಸಕ್ಕೆ ಹೋದ ನೋಟಿಸಿಗೆ ಉತ್ತರ ಬಾರದೆ ನೋಂದಣಿಯ ಅಮಾನತು ಅಥವಾ ರದ್ದತಿಗೆ ದಾರಿಯಾಗದಂತೆ ನೋಡಿಕೊಳ್ಳುವುದು ಅರ್ಜಿದಾರರ ಕೈಯಲ್ಲಿಯೇ ಇದೆ.